ನೇರಳೆ ಬಟ್ಟೆಯ ಕೆಳಗಿನ ಹಣೆ

೧

ಜಪಾನಿನ ಮರದಚ್ಚಿನ ಚಿತ್ರಗಳ ಬಗ್ಗೆ ಮಾತಾಡುವವರು ಮೊದಲು ಎತ್ತುವುದು ಸೌಂದರ್ಯದ ಮಾತು. ಗೆರೆಯ ಸೌಂದರ್ಯ, ಬಣ್ಣದ ಸೌಂದರ್ಯ, ಹೆಣ್ಣುವೇಷ ಹಾಕಿದ ಕಬುಕಿ ನಟನ ಕುತ್ತಿಗೆಯ ಬಳುಕಿನ ಸೌಂದರ್ಯ. ನಮಗೂ ಕಣ್ಣಿದೆ, ನಾವೂ ನೋಡಿದ್ದೇವೆ. ಆದರೆ ನಾವು ಮಾತು ಶುರುಮಾಡೋದು ಬೇರೆ ಕಡೆಯಿಂದ. ಹೊಳೆಯ ಮರಳಿನಿಂದ.

ಕ್ಯೋಟೊ ಪಟ್ಟಣದಲ್ಲಿ ಕಾಮೊ ಎಂಬ ಹೊಳೆ ಇದೆ. ಮಳೆಗಾಲದಲ್ಲಿ ಉಕ್ಕಿ ಬರುತ್ತಿದ್ದ ಆ ಹೊಳೆ ಉಳಿದ ದಿನಗಳಲ್ಲಿ ಮರಳು, ಕಲ್ಲು ಬಿಟ್ಟುಕೊಂಡು ಬಿದ್ದಿರುತ್ತಿತ್ತು. ಅದು ಕಂದಾಯವಿಲ್ಲದ ನೆಲ. ಊರೊಳಗೆ ಜಾಗ ಸಿಗದವರು ಅಲ್ಲಿ ಗುಡಿಸಲು ಹಾಕಿಕೊಂಡರು. ಸತ್ತ ದನದ ತೊಗಲು ಸುಲಿಯುವವರು, ತೊಗಲು ಹದ ಮಾಡುವವರು, ಕುಣಿದು ತಿರಿದು ಹೊಟ್ಟೆ ಹೊರೆಯುವವರು. ಊರಿನವರು ಇವರಿಗೆ ಇಟ್ಟ ಹೆಸರು ಕವರಮೊನೊ, ಅಂದರೆ ಹೊಳೆದಂಡೆಯವರು. ಮುಂದೆ ಕಬುಕಿ ನಟರು ಎಷ್ಟೇ ಹೆಸರು ಮಾಡಿದರೂ, ಬೈಯಬೇಕೆನಿಸಿದಾಗ ಜನ ಬಳಸಿದ್ದು ಇದೇ ಹೆಸರನ್ನು: ಹೊಳೆದಂಡೆಯ ಭಿಕಾರಿಗಳು.

1603ರ ಸುಮಾರಿಗೆ ಈ ಕ್ಯೋಟೊದಲ್ಲಿ ಒಕುನಿ ಎಂಬ ಹೆಂಗಸು ತಂಡ ಕಟ್ಟಿಕೊಂಡು ಕುಣಿದಳು. ಗಂಡಸಿನ ಉಡುಪು ಹಾಕಿ, ಸೊಂಟಕ್ಕೆ ಕತ್ತಿ ಸಿಕ್ಕಿಸಿ, ಪೋಲಿ ತರುಣನ ಹಾಗೆ ನಡೆದು ತೋರಿಸಿದಳು. ಜನ ಮುಗಿಬಿದ್ದರು. ಹೊಳೆಯ ಮರಳೇ ಈ ಆಟದ ರಂಗವಾಯಿತು. ಕಬುಕಿ ಹುಟ್ಟಿದ್ದು ಹೀಗೆ. ಇದನ್ನು ನಾವು ಗಟ್ಟಿಯಾಗಿ ನೆನಪಿಟ್ಟುಕೊಳ್ಳಬೇಕು: ಕಬುಕಿಗೆ ಹೆಸರು ತಂದ ಮೊದಲ ವೇಷ ಹೆಂಗಸು ಹಾಕಿದ ಗಂಡುವೇಷ. ಗಂಡಸು ಹಾಕಿದ ಹೆಣ್ಣುವೇಷ ಆಮೇಲಿನದು, ಮತ್ತು ಅದು ಬಂದದ್ದು ಸರ್ಕಾರದ ಅಪ್ಪಣೆಯಿಂದ.

1629ರಲ್ಲಿ ತೊಕುಗಾವ ಆಳ್ವಿಕೆ ಹೆಂಗಸರು ರಂಗ ಹತ್ತಬಾರದೆಂದು ಕಟ್ಟಪ್ಪಣೆ ಮಾಡಿತು. ನಟಿಯರಿಗಾಗಿ ಸಮುರಾಯಿಗಳು ಜಗಳ ಕಾಯುತ್ತಿದ್ದರಂತೆ, ನೀತಿ ಕೆಡುತ್ತಿತ್ತಂತೆ. ಹೊಡೆದಾಡಿದವರು ಅಲ್ಲೇ ಉಳಿದರು, ಕುಣಿದವರನ್ನು ಓಡಿಸಿದರು. ಹೆಂಗಸರ ಜಾಗಕ್ಕೆ ಎಳೆಯ ಹುಡುಗರು ಬಂದರು. ದುಡ್ಡಿದ್ದವರು ಅವರ ಮೈಯನ್ನೂ ಕೊಂಡರು. 1652ರಲ್ಲಿ ಹುಡುಗರ ಆಟಕ್ಕೂ ನಿಷೇಧ ಬಂತು. ಕೊನೆಗೆ ಉಳಿದದ್ದು ಒಂದು ಷರತ್ತು. ಆಡಬೇಕಾದರೆ ಮುಂದಲೆ ಬೋಳಿಸಿಕೊಂಡು, ಬೆಳೆದ ಗಂಡಸಿನ ತಲೆಯಲ್ಲಿ ಆಡಬೇಕು. ಹುಡುಗರ ಚೆಲುವಿನ ಗುರುತು ಹಣೆಯ ಮೇಲಿನ ಕೂದಲು. ಅದು ಹೋದರೆ ಚೆಲುವು ಹೋಗುತ್ತದೆ, ಚೆಲುವು ಹೋದರೆ ನೀತಿ ಉಳಿಯುತ್ತದೆ. ಇದು ಆಳುವವರ ಲೆಕ್ಕ.

ಹೆಣ್ಣುವೇಷದ ನಟರು, ಅಂದರೆ ಒನ್ನಗಾತರು, ಏನು ಮಾಡಿದರು? ಬೋಳಿಸಿದ ಹಣೆಯ ಮೇಲೆ ನೇರಳೆ ಬಣ್ಣದ ಒಂದು ತುಂಡು ಬಟ್ಟೆ ಹಾಕಿಕೊಂಡರು. ಅವಮಾನ ಮುಚ್ಚಲು ಹಾಕಿದ ಬಟ್ಟೆ ಬರಬರುತ್ತಾ ಅವರ ಚೆಲುವಿನ ಗುರುತೇ ಆಯಿತು. ಹಳೆಯ ಮರದಚ್ಚಿನ ಚಿತ್ರದಲ್ಲಿ ಕಾಣುವ ಹೆಣ್ಣು ನಿಜವಾಗಿ ಹೆಣ್ಣೋ ಅಥವಾ ಹೆಣ್ಣುವೇಷದ ನಟನೋ ಅಂತ ಗೊತ್ತುಹಚ್ಚಲು ಇವತ್ತಿಗೂ ನೋಡುವುದು ಈ ನೇರಳೆ ತುಂಡನ್ನು. ಅದರ ಕೆಳಗೆ ಇರುವುದು ಕತ್ತಿ ಆಡಿಸಿದ ಹಣೆ. ಈ ಬರಹ ಅದನ್ನು ಸ್ವಲ್ಪ ಎತ್ತಿ ನೋಡುವ ಪ್ರಯತ್ನ.

೨

'ಅಲ್ರಪ್ಪಾ, ನಮ್ಮ ಕೇರಿಗೆ ಇನ್ನೂ ನೆಟ್ಟಗೆ ನೀರು ಬರ್ತಿಲ್ಲ, ನೀವು ಜಪಾನಿನ ಚಿತ್ರ ಹಿಡ್ಕೊಂಡು ಕೂತಿದ್ದೀರಲ್ಲ?' ಅಂತ ಗೆಳೆಯರು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮ ಉತ್ತರ ಇಷ್ಟೆ: ಆ ಚಿತ್ರದೊಳಗೂ ಒಂದು ಕೇರಿ ಇದೆ.

ಮೊದಲು ಈ ಚಿತ್ರ ಆಗುತ್ತಿದ್ದುದು ಹೇಗೆ ಅಂತ ನೋಡೋಣ. ಇದು ಒಬ್ಬ ಪ್ರತಿಭಾವಂತ ಒಂಟಿಯಾಗಿ ಕೂತು ಬರೆದದ್ದಲ್ಲ. ಬಂಡವಾಳ ಹಾಕುವವನು ಪ್ರಕಾಶಕ. ಅವನು ಹೇಳಿದ ಮೇಲೆ ಚಿತ್ರಗಾರ ತೆಳ್ಳನೆಯ ಕಾಗದದ ಮೇಲೆ ಗೆರೆ ಎಳೆದುಕೊಡುತ್ತಾನೆ. ಕೆತ್ತುವವನು ಆ ಕಾಗದವನ್ನು ಮಗುಚಿ ಚೆರಿ ಮರದ ಹಲಗೆಗೆ ಅಂಟಿಸಿ, ಗೆರೆ ಬಿಟ್ಟು ಉಳಿದದ್ದನ್ನು ಕೆತ್ತಿ ತೆಗೆಯುತ್ತಾನೆ. ಮೂಲ ಚಿತ್ರ ಅಲ್ಲೇ ನಾಶವಾಗುತ್ತದೆ. ಸಾಮಾನ್ಯವಾಗಿ ಒಂದೊಂದು ಬಣ್ಣಕ್ಕೆ ಒಂದೊಂದು ಅಚ್ಚು. ಅಚ್ಚೊತ್ತುವವನು ಬಣ್ಣ ಬಳಿದು, ಕಾಗದ ಹಾಸಿ, ಬಿದಿರಿನ ಸಿಪ್ಪೆ ಹೊದಿಸಿದ ದುಂಡನೆಯ ಒತ್ತಿನಿಂದ ಉಜ್ಜುತ್ತಾನೆ. ನಟನ ಹಣೆಯ ಅಂಚಿನಲ್ಲಿ ಬಿಡಿಬಿಡಿಯಾಗಿ ಕಾಣುವ ಕೂದಲೆಳೆ ಇದೆಯಲ್ಲ, ಅದನ್ನು ಮರದಲ್ಲಿ ಉಳಿಸಬೇಕಾದರೆ ವರ್ಷಗಟ್ಟಲೆ ಕಲಿತ ಕೈ ಬೇಕು. ಚಿತ್ರದ ಮೇಲೆ ಚಿತ್ರಗಾರನ ಹೆಸರಿದೆ, ಪ್ರಕಾಶಕನ ಗುರುತಿದೆ, ಕೆಲವು ಕಾಲ ಸರ್ಕಾರದ ತಪಾಸಣೆಯ ಮುದ್ರೆಯೂ ಇದೆ. ಕೂದಲೆಳೆ ಕೆತ್ತಿದವನ ಹೆಸರು ಬಹಳ ಕಾಲದವರೆಗೆ ಇಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಮಾತ್ರ ಕೆಲವರು ತಮ್ಮ ಹೆಸರನ್ನು ಮೂಲೆಯಲ್ಲಿ ಸೇರಿಸಿಕೊಂಡರು.

ಈಗ ಇನ್ನೂ ಕೆಳಗೆ ಇಳಿಯೋಣ. ಬಣ್ಣ ಹರಡದ ಹಾಗೆ ಕಾಗದಕ್ಕೆ ಒಂದು ಲೇಪ ಕೊಡುತ್ತಿದ್ದರು. ಪಟಿಕ ಮತ್ತು ಅಂಟು ಬೆರೆಸಿದ ನೀರು. ಆ ಅಂಟು ಪ್ರಾಣಿಯ ತೊಗಲು ಬೇಯಿಸಿ ತೆಗೆದದ್ದು. ಬೆಲೆ ಬಾಳುವ ಚಿತ್ರಗಳಲ್ಲಿ ಮುಖದ ಹಿಂದೆ ಬೆಳ್ಳಿಯ ಹಾಗೆ ಮಿನುಗುವುದು ಕಾಗೆಬಂಗಾರದ ಪುಡಿ. ಅದನ್ನು ಕಾಗದಕ್ಕೆ ಹಿಡಿಸುವುದಕ್ಕೂ ಅಂಟೇ ಬೇಕು. ನಟ ಕುಣಿಯುವಾಗ ನುಡಿಸುವ ಮೂರು ತಂತಿಯ ಷಾಮಿಸೆನ್ ವಾದ್ಯಕ್ಕೆ ಬಿಗಿದದ್ದು ಬೆಕ್ಕಿನ ಅಥವಾ ನಾಯಿಯ ತೊಗಲು. ದೊಡ್ಡ ನಗಾರಿಗೆ ಬಿಗಿದದ್ದು ದನದ ತೊಗಲು.

ಈ ತೊಗಲು ಯಾರ ಕೈಯಿಂದ ಬಂತು? ಆ ಕಾಲದ ಜಪಾನಿನಲ್ಲಿ ತೊಗಲಿನ ಕೆಲಸವನ್ನು ಒಂದು ಜನಕ್ಕೆ ಹುಟ್ಟಿನಿಂದಲೇ ಕಟ್ಟಿಹಾಕಿದ್ದರು. ಅವರನ್ನು ಕರೆಯುತ್ತಿದ್ದ 'ಎತ' ಎಂಬ ಹೆಸರಿನ ಬರಹದ ಅರ್ಥ 'ಹೆಚ್ಚು ಹೊಲಸು'. ಇನ್ನೊಂದು ಗುಂಪಿನ ಹೆಸರು 'ಹಿನಿನ್', ಮನುಷ್ಯರಲ್ಲದವರು. ಇದು ಬೈಗುಳ. ಯಾರ ಮೇಲೂ ನಾವು ಇದನ್ನು ಬಳಸುವುದಿಲ್ಲ. ಆದರೆ ಬೈಗುಳವನ್ನು ಮುಚ್ಚಿಟ್ಟರೆ ಚರಿತ್ರೆ ತೊಳೆದುಹೋಗುವುದಿಲ್ಲ ಅಂತ ಬರೆಯುತ್ತಿದ್ದೇವೆ. ಇವರಿಗೆ ಬೇರೆ ಕೇರಿ, ಬೇರೆ ಲೆಕ್ಕ. 1871ರಲ್ಲಿ ಕಾಯಿದೆ ಇದನ್ನು ತೆಗೆದುಹಾಕಿತು. ಕೇರಿ ಕಾಯಿದೆಯ ಮಾತು ಕೇಳಲಿಲ್ಲ. 1922ರಲ್ಲಿ ಅದೇ ಕ್ಯೋಟೊದಲ್ಲಿ ಆ ಜನ ತಾವೇ ಒಂದಾಗಿ ಸುಯ್‌ಹೈಷಾ ಎಂಬ ಸಂಘಟನೆ ಕಟ್ಟಿ, ಮುಳ್ಳಿನ ಕಿರೀಟದ ಬಾವುಟ ಹಾರಿಸಬೇಕಾಯಿತು.

ತಮಟೆಯ ಸದ್ದು ಬೇಕು, ತಮಟೆ ಬಿಗಿದ ಕೈ ಬೇಡ ಎನ್ನುವುದು ನಮಗೆ ಹೊಸ ಸುದ್ದಿಯಲ್ಲ. ಆದ್ದರಿಂದ ಮಿನುಗುವ ಹಿನ್ನೆಲೆಯ ಮುಂದೆ ನಿಂತ ಆ ಹೆಣ್ಣಿನ ಮುಖ ನೋಡಿದಾಗ ನಮ್ಮ ಮೂಗಿಗೆ ಮೊದಲು ಬಡಿಯುವುದು ತೊಗಲು ಹದ ಮಾಡುವ ತೊಟ್ಟಿಯ ವಾಸನೆ. ಇದನ್ನು ಯಾರಾದರೂ ಅರಸಿಕತನ ಅಂದರೆ ಅನ್ನಲಿ.

೩

1794ನೇ ಇಸವಿಯ ಬೇಸಿಗೆ. ಎದೊ ಪಟ್ಟಣ, ಅಂದರೆ ಇವತ್ತಿನ ಟೋಕಿಯೊ. ತ್ಸುತಾಯ ಜೂಜಬುರೊ ಎಂಬ ಪ್ರಕಾಶಕ ಅಲ್ಲಿಯವರೆಗೆ ಯಾರೂ ಹೆಸರು ಕೇಳದಿದ್ದ ಒಬ್ಬ ಚಿತ್ರಗಾರನ 28 ಚಿತ್ರಗಳನ್ನು ಹೊರತಂದ. ಚಿತ್ರಗಾರನ ಹೆಸರು ತೊಷುಸಾಯ್ ಷರಾಕು. ಪಟ್ಟಣದ ಮೂರು ನಾಟಕಶಾಲೆಗಳಲ್ಲಿ ಆಗ ನಡೆಯುತ್ತಿದ್ದ ಆಟಗಳ ನಟರು. ಎದೆಯಿಂದ ಮೇಲೆ ಮಾತ್ರ, ಕಪ್ಪು ಕಾಗೆಬಂಗಾರದ ಹಿನ್ನೆಲೆಯಲ್ಲಿ. ಹತ್ತು ತಿಂಗಳಲ್ಲಿ ಈತ ನೂರನಲವತ್ತಕ್ಕೂ ಹೆಚ್ಚು ಚಿತ್ರ ಮಾಡಿದ. 1795ರ ಆರಂಭದ ಹೊತ್ತಿಗೆ ಕೈ ನಿಂತಿತು. ಮತ್ತೆ ಬರೆಯಲಿಲ್ಲ.

ಅವನಿಗೆ ಮೊದಲು ಹೆಣ್ಣುವೇಷದ ನಟರ ಚಿತ್ರ ಇರಲಿಲ್ಲ ಎಂದಲ್ಲ. ರಾಶಿ ಇದ್ದವು. ಹಳೆಯ ತೊರಿಯಿ ಮನೆತನದ ಚಿತ್ರಗಳಲ್ಲಿ ಎಲ್ಲ ಮುಖವೂ ಒಂದೇ. ಯಾವ ನಟ ಅಂತ ತಿಳಿಯಲು ಬಟ್ಟೆಯ ಮೇಲಿನ ಮನೆತನದ ಮುದ್ರೆ ನೋಡಬೇಕು. 1760ರ ದಶಕದ ಕೊನೆಯಿಂದ ಕತ್ಸುಕಾವ ಷುನ್‌ಷೊ ಮತ್ತು ಬುನ್‌ಚೊ ಎಂಬುವರು ಒಬ್ಬೊಬ್ಬ ನಟನ ಮುಖವನ್ನೂ ಬೇರೆ ಬೇರೆ ತೋರಿಸತೊಡಗಿದರು. ಅದು ದೊಡ್ಡ ಹೆಜ್ಜೆ. ಆದರೂ ಹೆಣ್ಣುವೇಷದ ಮುಖಕ್ಕೆ ಬಂದಾಗ ಗೆರೆ ಮೆತ್ತಗಾಗುತ್ತಿತ್ತು. ಷರಾಕು ಮೆತ್ತಗಾಗಲಿಲ್ಲ.

ಅವನ ಮೂರು ಚಿತ್ರ ತೆಗೆದುಕೊಳ್ಳೋಣ. ಇವತ್ತು ದೊಡ್ಡ ಮ್ಯೂಸಿಯಮ್ಮುಗಳು ಇಂಥ ಚಿತ್ರಗಳನ್ನು ಎಲ್ಲರಿಗೂ ಕಾಣುವಂತೆ ಬಿಟ್ಟಿವೆ. ಹಾಸ್ಟೆಲಿನ ಮಂಚದ ಮೇಲೆ ಕೂತು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಬಹುದು. ನಾವು ನೋಡಿದ್ದೂ ಹಾಗೆಯೇ.

ಒಂದು, ಮೂರನೆಯ ಸೆಗಾವ ಕಿಕುನೊಜೊ. ಆ ಕಾಲದ ಬಹು ದೊಡ್ಡ ಹೆಣ್ಣುವೇಷದ ನಟ. ಪಾತ್ರ ಒಷಿಜು ಎಂಬ ಗೃಹಿಣಿ. ನಟನಿಗೆ ಆಗ ವಯಸ್ಸು ನಲವತ್ತಮೂರು. ಷರಾಕು ಆ ನಲವತ್ತಮೂರನ್ನು ಮುಚ್ಚಲಿಲ್ಲ. ಕೆನ್ನೆ ಜೋಲಿದೆ, ದವಡೆ ಭಾರವಾಗಿದೆ. ಆ ಭಾರದ ಮುಖವನ್ನು ಹೆಣ್ಣಿನ ಹಾಗೆ ಒಂದಿಷ್ಟು ಬಾಗಿಸಲು ಕತ್ತು ಪಡುವ ಶ್ರಮ ಕಾಣುತ್ತದೆ.

ಎರಡು, ಎರಡನೆಯ ಸೆಗಾವ ತೊಮಿಸಬುರೊ. ಪಾತ್ರ ಯದೊರಿಗಿ, ಒಬ್ಬ ಸಮುರಾಯಿಯ ಹೆಂಡತಿ. ಉದ್ದ ಮುಖ, ಸಣ್ಣ ಕಣ್ಣು, ಚೂಪು ಮೂಗು, ಒತ್ತಿ ಹಿಡಿದ ತುಟಿ. ಈ ನಟನಿಗೆ ಜನ ಇಟ್ಟಿದ್ದ ಅಡ್ಡಹೆಸರು 'ನಿಕುತೊಮಿ', ಅಂದರೆ ಹೇಸಿಗೆಯ ತೊಮಿ. ಅಂಥ ಅಡ್ಡಹೆಸರು ಹೊತ್ತುಕೊಂಡು ದಿನಾ ಸಂಭಾವಿತ ಹೆಂಡತಿಯ ಪಾತ್ರ ಮಾಡುವ ಮನುಷ್ಯನ ತುಟಿ ಇನ್ನು ಹೇಗಿರಬೇಕಿತ್ತು?

ಮೂರನೆಯದರ ಮುಂದೆ ನಾವು ಬಹಳ ಹೊತ್ತು ಕೂತೆವು. ನಾಲ್ಕನೆಯ ಇವಾಯ್ ಹನ್‌ಷಿರೊ, ಷಿಗೆನೊಯಿ ಎಂಬ ದಾದಿಯಾಗಿ. ಆಟದ ಕತೆ ಹೀಗಿದೆ. ಷಿಗೆನೊಯಿ ದೊರೆಯ ಮನೆಯ ಮಗಳನ್ನು ಸಾಕಿದವಳು. ಅವಳದೇ ಒಬ್ಬ ಮಗ ಇದ್ದಾನೆ, ಪ್ರೀತಿಸಿದವನಿಗೆ ಹುಟ್ಟಿದವನು; ಅವನನ್ನು ಬಿಟ್ಟು ಬಂದಿದ್ದಾಳೆ. ದೊರೆಮಗಳನ್ನು ಮದುವೆಗೆ ಎದೊಗೆ ಕಳಿಸುವ ದಿನ ಹೇರುಗುದುರೆ ಹೊಡೆಯುವ ಒಬ್ಬ ಚಿಕ್ಕ ಹುಡುಗ ಆ ಮನೆಗೆ ಬರುತ್ತಾನೆ. ಅವನ ಹತ್ತಿರ ಇರುವ ತಾಯಿತದ ಚೀಲ ನೋಡಿ ಅವಳಿಗೆ ಗೊತ್ತಾಗುತ್ತದೆ, ಇವನು ತನ್ನ ಮಗ. ಹುಡುಗ ಅವ್ವಾ ಅಂತಾನೆ. ದೊರೆಮಗಳ ದಾದಿಗೆ ಕುದುರೆ ಹೊಡೆಯುವ ಮಗ ಇದ್ದಾನೆಂದರೆ ದೊರೆಯ ಮನೆಗೆ ಅವಮಾನ. ಅವಳು ಮಗನನ್ನು ದೂಡಿ ಕಳಿಸುತ್ತಾಳೆ. ಮೆರವಣಿಗೆ ಹೊರಡುವಾಗ ಆ ಹುಡುಗ ಅಳುತ್ತಲೇ ಹೇರುಗುದುರೆಯವರ ಹಾಡು ಹಾಡಬೇಕು.

ದೊರೆ ಮನೆಯ ಮಗುವನ್ನು ಎತ್ತಿ ಆಡಿಸಿ, ಸ್ವಂತ ಮಗುವನ್ನು ಬೀದಿಗೆ ಬಿಟ್ಟ ತಾಯಂದಿರ ಕತೆ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಹನ್‌ಷಿರೊ ಆಗ ಐವತ್ತಕ್ಕೆ ಹತ್ತಿರದವನು. ದುಂಡು ಮುಖ, ತುಂಬಿದ ಕೆನ್ನೆ. ಷರಾಕು ಅವನನ್ನು ಚೆಲುವೆ ಮಾಡಲಿಲ್ಲ, ಕಣ್ಣೀರನ್ನೂ ಹಾಕಲಿಲ್ಲ. ತಾನು ತಾಯಿ ಎಂದು ಒಪ್ಪಿಕೊಳ್ಳಲಾರದ ಹೆಂಗಸಿನ ಮುಖವೂ, ತಾನು ಗಂಡಸು ಎಂದು ತೋರಿಸಿಕೊಳ್ಳಲಾರದ ನಟನ ಮುಖವೂ ಒಂದೇ ಗೆರೆಯಲ್ಲಿ ಸೇರಿಕೊಂಡಿವೆ. ಇದನ್ನು ನಾವು ದೊಡ್ಡ ಕಲೆ ಅನ್ನುತ್ತೇವೆ. ಇಲ್ಲಿ ದುಃಖಕ್ಕೆ ಮೈಯಿದೆ. ಆ ಮೈಗೆ ವಯಸ್ಸಾಗಿದೆ, ದಣಿವಾಗಿದೆ, ಅದು ಸಂಬಳಕ್ಕೆ ದುಡಿಯುತ್ತಿದೆ.

ಪಟ್ಟಣದ ರಸಿಕರಿಗೆ ಇದು ಹಿಡಿಸಲಿಲ್ಲ. ಒತಾ ನನ್ಪೊ ಎಂಬ ಸಮುರಾಯಿ ಬರಹಗಾರ ಬರೆದಿಟ್ಟಿದ್ದಾನೆ: ಈತ ನಟರನ್ನು ಅತಿ ನಿಜವಾಗಿ ಬರೆಯಲು ಹೋಗಿ ಬರೆಯಬಾರದ್ದನ್ನು ಬರೆದ, ಹಾಗಾಗಿ ಒಂದೆರಡು ವರ್ಷದಲ್ಲೇ ನಿಂತುಹೋದ ಎಂಬ ಅರ್ಥದಲ್ಲಿ. ಅದೇ 1794ರಲ್ಲಿ ಉತಾಗಾವ ತೊಯೊಕುನಿ ಎಂಬ ತರುಣ ಇದೇ ನಟರ ಚಿತ್ರಮಾಲೆ ಶುರುಮಾಡಿದ್ದ. ನೀಳ ಮೈ, ಚೊಕ್ಕ ಮುಖ, ನಟನ ಅಭಿಮಾನಿ ಮನೆಯ ಗೋಡೆಗೆ ಅಂಟಿಸಿಕೊಳ್ಳುವಂತೆ. ಗೆದ್ದವನು ತೊಯೊಕುನಿ. ಮುಂದಿನ ಶತಮಾನದ ನಟರ ಚಿತ್ರವೆಲ್ಲ ಬಹುಮಟ್ಟಿಗೆ ಅವನ ಶಿಷ್ಯರದೇ. ಅವನು ಕೆಟ್ಟ ಚಿತ್ರಗಾರ ಅಂತ ನಾವು ಹೇಳುತ್ತಿಲ್ಲ. ಬಟ್ಟೆಯ ಮಡಿಕೆ ಬರೆಯುವುದರಲ್ಲಿ ಅವನು ಗಟ್ಟಿಗ. ಆದರೆ ಅವನ ಹೆಣ್ಣುವೇಷಗಳಲ್ಲಿ ದವಡೆ ಇಲ್ಲ. ಬೋಳಿಸಿದ ಹಣೆ ನೆನಪಿಗೆ ಬರುವುದಿಲ್ಲ.

೪

ಇಷ್ಟಕ್ಕೆ ನಿಲ್ಲಿಸಿದರೆ ಷರಾಕುವನ್ನು ನಮ್ಮ ಬಂಡಾಯದ ಪಟ್ಟಿಗೆ ಸೇರಿಸಿ ಜೈಕಾರ ಹಾಕಿ ಮನೆಗೆ ಹೋಗಬಹುದು. ಅಷ್ಟು ಸುಲಭ ಇಲ್ಲ.

ಷರಾಕು ಯಾರು? ಅವಾ ಪ್ರಾಂತದ ದೊರೆಯ ಆಶ್ರಯದಲ್ಲಿದ್ದ ಸೈತೊ ಜೂರೊಬೆ ಎಂಬ ನೊಹ್ ನಟನೇ ಇವನು ಎಂದು 1844ರ ಒಂದು ಬರಹ ಹೇಳುತ್ತದೆ. ಇಂದು ಬಹಳ ವಿದ್ವಾಂಸರು ಅದನ್ನು ಒಪ್ಪುತ್ತಾರೆ. ನೊಹ್ ಎಂದರೆ ದೊರೆಗಳ ನಾಟಕ. ಅಲ್ಲೂ ಗಂಡಸರೇ ಹೆಣ್ಣಾಗುತ್ತಾರೆ, ಆದರೆ ಮುಖವಾಡ ಹಾಕಿಕೊಂಡು. ಆ ಮುಖವಾಡ ಮುಖಕ್ಕಿಂತ ಚಿಕ್ಕದು. ಎಳೆಯ ಹೆಣ್ಣಿನ ಮುಖವಾಡದ ಕೆಳಗೆ ಮುದಿ ಗಂಡಸಿನ ಗದ್ದ ಹೊರಗೆ ಕಾಣುತ್ತದೆ. ಷರಾಕು ಇವನೇ ಆಗಿದ್ದರೆ ಹೆಣ್ಣಿನ ಮುಖದೊಳಗೆ ಗಂಡಸಿನ ದವಡೆ ಕಾಣುವ ಕಣ್ಣು ಅವನಿಗೆ ಎಲ್ಲಿಂದ ಬಂತು ಅಂತ ತಿಳಿಯುತ್ತದೆ. ಜೊತೆಗೆ ಒಂದು ಕಸಿವಿಸಿಯೂ ಏಳುತ್ತದೆ. ದೊರೆಯ ಸಂಬಳ ತಿನ್ನುವ ನೊಹ್ ನಟ ಹೊಳೆದಂಡೆಯ ಆಟದವರನ್ನು ನೋಡಿದ ನೋಟದಲ್ಲಿ ಗೌರವ ಎಷ್ಟಿತ್ತು, ನಗೆ ಎಷ್ಟಿತ್ತು? ನಿಕುತೊಮಿಯ ಚಿತ್ರ ನೋಡಿ ನಕ್ಕವರು ಇದ್ದೇ ಇರುತ್ತಾರೆ. ಮೇಲಿನವನು ಕೆಳಗಿನವನ ಕುರೂಪವನ್ನು ನಿಜ ಎಂಬ ಹೆಸರಿನಲ್ಲಿ ಬರೆಯುವುದು ನಮಗೆ ಗೊತ್ತಿಲ್ಲದ್ದೇನಲ್ಲ. ನಮ್ಮ ಕೇರಿಗಳ ಬಗ್ಗೆ ಬಂದ ಎಷ್ಟು ಕತೆಗಳಲ್ಲಿ ಹಂದಿ, ಕೊಚ್ಚೆ, ಕುಡಿತ ಮಾತ್ರ ನಿಜವಾಗಿತ್ತು!

ನಾವು ಚರ್ಚೆ ಮಾಡಿ ಬಂದ ತೀರ್ಮಾನ ಇದು. ನಗುವುದಕ್ಕೆ ಬರೆದವನು ಒಂದು ಗೆರೆಗೆ ನಿಲ್ಲಿಸುತ್ತಾನೆ. ಮೂಗು ದೊಡ್ಡದು ಮಾಡಿದರೆ ಅವನ ಕೆಲಸ ಮುಗಿಯಿತು. ಷರಾಕು ಅಲ್ಲಿಗೆ ನಿಲ್ಲಿಸಲಿಲ್ಲ. ಷಿಗೆನೊಯಿಯ ಮುಖದಲ್ಲಿ ಪಾತ್ರದ ನೋವನ್ನೂ ಕಳೆಯಲಿಲ್ಲ, ನಟನ ವಯಸ್ಸನ್ನೂ ಕಳೆಯಲಿಲ್ಲ. ಅವನ ಮನಸ್ಸಿನಲ್ಲಿ ಏನೇ ಇದ್ದಿರಲಿ, ಚಿತ್ರದಲ್ಲಿ ಉಳಿದದ್ದು ಇದು. ಬರೆದವನ ಜಾತಿ ನೋಡುವುದು ಅಗತ್ಯ. ಅಲ್ಲಿಗೇ ವಿಮರ್ಶೆ ಮುಗಿಯಿತು ಎನ್ನುವುದು ಸೋಮಾರಿತನ.

೫

ಇನ್ನು ಬಹಳ ಕಹಿಯಾದ ಭಾಗ.

ಎದೊ ಸುತ್ತಲಿನ ಪ್ರಾಂತಗಳಲ್ಲಿ ತೊಗಲಿನ ಕೆಲಸದ ಜನಕ್ಕೆಲ್ಲ ದಾನ್‌ಜಯೆಮೊನ್ ಎಂಬ ವಂಶಪಾರಂಪರ್ಯದ ಯಜಮಾನನಿದ್ದ. ಆಟದವರೂ ತನ್ನ ಕೈಕೆಳಗೇ ಬರುತ್ತಾರೆ ಎಂಬುದು ಅವನ ವಾದ. 1708ರಲ್ಲಿ ಒಂದು ಬೊಂಬೆಯಾಟದ ತಂಡ ಅವನ ಅಪ್ಪಣೆ ಕೇಳದೆ ಆಟ ಆಡಿತು. ಗಲಾಟೆಯಾಗಿ ವಿಷಯ ಎದೊದ ನ್ಯಾಯಸ್ಥಾನಕ್ಕೆ ಹೋಯಿತು. ತೀರ್ಪು ದಾನ್‌ಜಯೆಮೊನ್‌ಗೆ ವಿರುದ್ಧವಾಗಿ ಬಂತು. ಅಂದಿನಿಂದ ಕಬುಕಿಯವರೂ ಅವನ ಹಿಡಿತದಿಂದ ತಪ್ಪಿಸಿಕೊಂಡರು. ಪಟ್ಟಣದ ಮಹಾನಟ ಎರಡನೆಯ ಇಚಿಕಾವ ದನ್‌ಜೂರೊ ಆ ಮೊಕದ್ದಮೆಯ ಬರಹವನ್ನು ನಕಲು 'ಮಾಡಿಸಿಕೊಂಡು' ಇಟ್ಟುಕೊಂಡದ್ದಲ್ಲ, ತಾನೇ ನಕಲು ಮಾಡಿ ಮನೆತನದ ಆಸ್ತಿಯಾಗಿ ಕಾಪಾಡಿದ.

ಬಿಡುಗಡೆಯ ಕಾಗದ ಯಾರಿಗೆ ಬೇಡ? ನಾವು ಅವರ ಸಂತೋಷಕ್ಕೆ ಕಲ್ಲು ಹಾಕುವುದಿಲ್ಲ. ಆದರೆ ಆ ಕಾಗದ ಏನು ಹೇಳುತ್ತದೆ ನೋಡಿ. 'ಯಾರೂ ಹೊಲಸಲ್ಲ' ಅಂತ ಹೇಳುವುದಿಲ್ಲ. 'ನಾವು ಅವರಲ್ಲ' ಅಂತ ಹೇಳುತ್ತದೆ.

1713ರಲ್ಲಿ ಇದೇ ದನ್‌ಜೂರೊ 'ಸುಕೆರೊಕು' ಆಟವನ್ನು ಮೊದಲ ಸಲ ಆಡಿದ. ಅದರ ಖಳ ಇಕ್ಯೂ, ಗಡ್ಡದ ಮುದುಕ, ದುಡ್ಡಿನವನು. ಅವನನ್ನು ದಾನ್‌ಜಯೆಮೊನ್ ಮೇಲೆಯೇ ಹೆಣೆದದ್ದು ಎಂಬ ಮಾತು ಹಿಂದಿನಿಂದ ನಡೆದುಬಂದಿದೆ. ಇಂದು ಆಡುವ ಆಟದಲ್ಲಿ ಆ ಇಕ್ಯೂನನ್ನು ತುಂಬಿದ ಬೀದಿಯಲ್ಲಿ ಬೈದು ನೀರಿಳಿಸುವವಳು ಅಗೆಮಾಕಿ ಎಂಬ ಸೂಳೆ. ತನ್ನ ಪ್ರಿಯ ಹಿಮ, ಈ ಮುದುಕ ಮಸಿ ಎಂದು ಹೋಲಿಸಿ ಬೈಯುತ್ತಾಳೆ. ಅಗೆಮಾಕಿ ಎಂದರೆ ಹೆಣ್ಣುವೇಷದ ಪಾತ್ರಗಳಲ್ಲೇ ಕಿರೀಟದಂಥದು. ಉತಾಗಾವ ಮನೆತನದ ಚಿತ್ರಗಾರರು ಅವಳನ್ನು ಮತ್ತೆ ಮತ್ತೆ ಬರೆದಿದ್ದಾರೆ. ತಲೆತುಂಬ ಸೂಜಿಗಳು, ಪದರ ಪದರ ಜರಿಯ ಬಟ್ಟೆ, ಕಣ್ಣು ಕುಕ್ಕುವ ಬಣ್ಣ. ಆ ಚಿತ್ರಗಳನ್ನು ಕಂಡು ನಾವೂ ಮೊದಲು ಬಾಯಿ ಬಿಟ್ಟು ನೋಡಿದೆವು. ಮಾತು ಗೊತ್ತಾದ ಮೇಲೆ ಆ ಬಣ್ಣ ಮೊದಲಿನಂತೆ ಕಾಣಲಿಲ್ಲ. ಆ ಹಳೆಯ ಮಾತು ನಿಜವಾಗಿದ್ದರೆ, ಬೀದಿಗೆ ಮಾರಿದ ಹೆಣ್ಣಿನ ವೇಷ ಹಾಕಿ, ಹೊಳೆದಂಡೆಯಿಂದ ಬಂದ ನಟ, ತೊಗಲಿನವರ ಯಜಮಾನನನ್ನು ಬೈಯುತ್ತಿದ್ದಾನೆ. ಕೂತು ಚಪ್ಪಾಳೆ ತಟ್ಟುವವರು ಯಾರು? ಮೂವರನ್ನೂ ಮೂರು ಬೇಲಿಯೊಳಗೆ ಕೂಡಿದ್ದ ಸಮಾಜ. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಎಂದು ಕರೆದದ್ದು ಇದನ್ನೇ ಅಲ್ಲವೆ? ಮೆಟ್ಟಿಲ ಮೇಲೆ ನಿಂತ ಪ್ರತಿಯೊಬ್ಬನಿಗೂ ಒದೆಯಲು ಕೆಳಗೊಂದು ತಲೆ.

ಒದ್ದವರು ತಪ್ಪಿಸಿಕೊಂಡರೆ? ಇಲ್ಲ. ನಟರು ಸಾವಿರ ಸಾವಿರ ಹೊನ್ನು ಗಳಿಸಿದರು, ಅವರ ಉಡುಪಿನ ಬಣ್ಣ ಊರಿನ ಹೆಂಗಸರಿಗೆ ಫ್ಯಾಷನ್ ಆಯಿತು. ಎರಡನೆಯ ಕಿಕುನೊಜೊ ಉಟ್ಟ ಒಂದು ಕಂದುಬಣ್ಣಕ್ಕೆ ಅವನ ಕಾವ್ಯನಾಮವೇ ಅಂಟಿಕೊಂಡಿತು. ಆದರೂ 1842ರ ಹೊತ್ತಿಗೆ ಸರ್ಕಾರ ನಾಟಕಶಾಲೆಗಳನ್ನೆಲ್ಲ ಊರಂಚಿಗೆ ಎತ್ತಿಹಾಕಿತು. ನಟರು ಬೀದಿಗೆ ಬಂದರೆ ಮುಖ ಮುಚ್ಚುವ ಹೆಣೆದ ಟೋಪಿ ಹಾಕಬೇಕು ಎಂದಿತು. ನಟರ ಚಿತ್ರ ಅಚ್ಚುಹಾಕಬಾರದು ಎಂದಿತು. ಒಂದು ಬಟ್ಟಲು ನೂಡಲ್ಸಿನ ಬೆಲೆಗೆ ಮನೆಮನೆಗೆ ಮಾರಾಟವಾಗಿದ್ದ ಮುಖ ಬೀದಿಯಲ್ಲಿ ಕಾಣಬಾರದು! ದುಡ್ಡು ಬಂದರೆ ಎಲ್ಲ ಸರಿಹೋಗುತ್ತೆ ಅನ್ನುವವರು ಈ ಟೋಪಿಯನ್ನು ನೆನಪಿಡಲಿ.

ಚಿತ್ರಗಾರರು ಸುಮ್ಮನಿರಲಿಲ್ಲ. ಕೆಲವರು ನಟರ ಹೆಸರು ಬಿಟ್ಟು ಮುಖ ಮಾತ್ರ ಬರೆದರು. 1840ರ ದಶಕದ ಕೊನೆಯಲ್ಲಿ ಉತಾಗಾವ ಕುನಿಯೊಷಿ ಇನ್ನೂ ಒಂದು ಹೆಜ್ಜೆ ಹೋದ. ಗೋಡೆಯ ಮೇಲೆ ಯಾರೋ ಪೋಕರಿ ಮೊಳೆಯಲ್ಲಿ ಗೀಚಿದಂತೆ ನಟರ ಮುಖ ಬರೆದು ಅಚ್ಚುಹಾಕಿಸಿದ. ಕೇಳಿದರೆ ಇದು ಚಿತ್ರವೇ ಅಲ್ಲ, ಗೀಚು! ಗೋಡೆಬರಹ ಬರೆದು ಓಡಿಹೋದ ನಮ್ಮ ಸಂಗಾತಿಗಳಿಗೆ ಈ ಜಾಣತನ ಅರ್ಥವಾಗುತ್ತದೆ.

ಇನ್ನೊಂದು ಮಾತು. ಈ ಚಿತ್ರಗಳಲ್ಲಿ ನಟನ ಬಿಳಿ ಮುಖಕ್ಕೆ ಸಾಮಾನ್ಯವಾಗಿ ಬಣ್ಣವೇ ಹಚ್ಚಿರುವುದಿಲ್ಲ, ಅದು ಖಾಲಿ ಬಿಟ್ಟ ಕಾಗದ. ರಂಗದ ಮೇಲೆ ಆ ಬಿಳುಪು ಸೀಸದ ಪುಡಿ. ವರ್ಷಗಟ್ಟಲೆ ಹಚ್ಚಿದವರ ನರಕ್ಕೆ ಅದು ಇಳಿಯುತ್ತಿತ್ತು. 1887ರಲ್ಲಿ ಚಕ್ರವರ್ತಿ ಮೊದಲ ಬಾರಿಗೆ ಕಬುಕಿ ನೋಡಲು ಬಂದಾಗ, ಹೆಣ್ಣುವೇಷಕ್ಕೆ ಹೆಸರಾಗಿದ್ದ ನಾಕಮುರ ಫುಕುಸುಕೆಯ ಕಾಲು ರಂಗದ ಮೇಲೆ ನಡುಗಿತು. ಸೀಸದ ವಿಷ. ಹೊಳೆದಂಡೆಯ ಕಲೆಗೆ ಸಿಂಹಾಸನದ ಮನ್ನಣೆ ಸಿಕ್ಕ ದಿನವೇ ಮೈ ಲೆಕ್ಕ ಒಪ್ಪಿಸಿತು.

೬

ಇಷ್ಟೆಲ್ಲ ಹೇಳಿದ ಮೇಲೂ ಒಬ್ಬಳು ಈ ಚಿತ್ರಗಳಲ್ಲಿ ಇಲ್ಲ. ಒಕುನಿ ಇಲ್ಲ. 1629ರಲ್ಲಿ ಓಡಿಸಿದ ಹೆಂಗಸರು ಇಲ್ಲ.

ಹದಿನೆಂಟನೇ ಶತಮಾನದ ಆರಂಭದಲ್ಲಿದ್ದ ಯೊಷಿಜಾವ ಅಯಾಮೆ ಎಂಬ ಮಹಾ ಒನ್ನಗಾತನ ಮಾತುಗಳನ್ನು ಬರೆದಿಟ್ಟಿದ್ದಾರೆ. ಒನ್ನಗಾತ ರಂಗದ ಹೊರಗೂ ಹೆಣ್ಣಿನಂತೆಯೇ ಬದುಕಬೇಕು, ಮನೆಯಲ್ಲಿ ಹೆಂಡತಿ ಇದ್ದರೂ ಆ ಮಾತು ಬಂದರೆ ನಾಚಿಕೊಳ್ಳಬೇಕು ಎನ್ನುವುದು ಅವನ ಪಾಠದ ಸಾರ. ಆ ನಿಷ್ಠೆ ದೊಡ್ಡದು, ನಾವು ನಗುವುದಿಲ್ಲ. ತನ್ನ ಮೈಯನ್ನೇ ಮತ್ತೊಂದು ಮೈಯಾಗಿ ಬದುಕಲು ಹೊರಟವನ ಹಂಬಲ ಎಂಥದ್ದು ಎಂದು ಸುಲಭಕ್ಕೆ ತೀರ್ಪು ಕೊಡಲೂ ಆಗದು. ಆದರೆ ಅದರ ಇನ್ನೊಂದು ಮಗ್ಗುಲು ನೋಡಿ. ಹೆಣ್ಣು ಹೇಗೆ ನಡೆಯಬೇಕು, ಹೇಗೆ ಬಾಗಬೇಕು, ಯಾವ ಬಣ್ಣ ಉಡಬೇಕು ಎಂಬುದನ್ನು ಗಂಡಸು ತೀರ್ಮಾನ ಮಾಡಿ ರಂಗದಲ್ಲಿ ತೋರಿಸಿದ. ಚಿತ್ರಗಾರ ಗಂಡಸು ಅದನ್ನು ಬರೆದ. ಅಚ್ಚಿನ ಕಾಗದದಲ್ಲಿ ಅದು ಮನೆಗೆ ಬಂದು, ನಿಜವಾದ ಹೆಂಗಸರು ಅದನ್ನು ನೋಡಿ ಹೆಣ್ಣಾಗುವುದನ್ನು ಕಲಿತರು. ರಂಗದ ಹೆಂಗಸರು ಆ ಹೊತ್ತಿಗೆ ದೊರೆಗಳ ಅಂತಃಪುರದ ಗೋಡೆಯ ಹಿಂದೆ, ಹೆಂಗಸರ ಮುಂದೆ ಮಾತ್ರ ಆಡುತ್ತಿದ್ದರು. ಜನರ ಮುಂದೆ ಅವರು ಮತ್ತೆ ಬಂದದ್ದು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ. ಕಬುಕಿಯ ದೊಡ್ಡ ರಂಗದಲ್ಲಿ ಇವತ್ತಿಗೂ ಹೆಣ್ಣುಪಾತ್ರ ಗಂಡಸರದೇ.

ಈಗ ಬೆರಳು ನಮ್ಮ ಕಡೆಗೇ ತಿರುಗಿಸಬೇಕು. ನಮ್ಮ ಚಳುವಳಿಯ ಪತ್ರಿಕೆಗಳನ್ನು ತೆಗೆದು ನೋಡಿ. ಅವ್ವನ ಮೇಲೆ ಪದ್ಯ ಇದೆ, ಅಕ್ಕನ ಮೇಲೆ ಪದ್ಯ ಇದೆ, ಗೌಡನ ಹೊಲದಲ್ಲಿ ಕೆಟ್ಟವಳ ಬಾಯಲ್ಲಿ ಬರೆದ ಪದ್ಯ ಇದೆ. ಬಹುಪಾಲು ಬರೆದವರು ಯಾರು? ನಾವು, ಗಂಡಸರು. ಅವಳ ದನಿಯ ವೇಷ ಹಾಕಿಕೊಂಡು ನಾವು ಅತ್ತಿದ್ದೇವೆ, ಚಪ್ಪಾಳೆ ಗಿಟ್ಟಿಸಿದ್ದೇವೆ. ವೇದಿಕೆಯ ಮೇಲೆ ಕುರ್ಚಿ ಹಾಕುವಾಗ ಅವಳಿಗೆ ಎಷ್ಟು ಕುರ್ಚಿ ಹಾಕಿದೆವು? ಧರಣಿಗೆ ಹೋದಾಗ ಕೆಲಸ ಮಾಡದ ಅಧಿಕಾರಿಗೆ ಬಳೆ ಕೊಟ್ಟು ಅವಮಾನ ಮಾಡಿ ಬಂದವರೂ ನಾವೇ. ಬಳೆ ತೊಡುವುದು ಅವಮಾನ ಆಗಿದ್ದು ಯಾವಾಗಿನಿಂದ? ನಡಿಗೆ ಮೆತ್ತಗಿರುವ ಗಂಡಸನ್ನು ಕಂಡು ಹಲ್ಲು ಕಿಸಿಯುವ ಊರಿಗೂ ನಮಗೂ ಆಗ ಏನು ವ್ಯತ್ಯಾಸ ಉಳಿಯಿತು?

ಹೆಣ್ಣಿನ ದನಿಯಲ್ಲಿ ಗಂಡಸು ಬರೆಯಲೇಬಾರದು ಎಂದು ನಾವು ಹೇಳುತ್ತಿಲ್ಲ. ಬರೆಯಲಿ. ಆದರೆ ತೊಯೊಕುನಿಯ ಹಾಗೆ ದವಡೆ ಅಳಿಸಿ ಬರೆಯುವುದು ಬೇಡ. ಇದು ನನ್ನ ದನಿ, ಅವಳ ದನಿಯನ್ನು ಹೊದ್ದಿದ್ದೇನೆ ಎಂಬುದು ಷರಾಕುವಿನ ಚಿತ್ರದಲ್ಲಿದ್ದಂತೆ ಪದ್ಯದಲ್ಲೂ ಕಾಣಲಿ. ಅದಕ್ಕಿಂತ ಮೊದಲು, ಅವಳು ತಾನೇ ಬಂದು ಮಾತಾಡುವ ಜಾಗದಿಂದ ನಾವು ಎದ್ದು ನಿಲ್ಲಬೇಕು. ದನ್‌ಜೂರೊನ ಮನೆಯಲ್ಲಿದ್ದಂಥ ಕಾಗದ, ನಾವು ಬಿಡುಗಡೆಯಾದೆವು, ಅವರು ಅಲ್ಲೇ ಇರಲಿ ಎನ್ನುವ ಕಾಗದ, ನಮ್ಮ ಪೆಟ್ಟಿಗೆಯಲ್ಲೂ ಇದೆಯೇ ಎಂದು ಒಬ್ಬೊಬ್ಬರೂ ತೆಗೆದು ನೋಡಿಕೊಳ್ಳಬೇಕು. ಇದ್ದರೆ ಹರಿದು ಹಾಕಬೇಕು.

ಷಿಗೆನೊಯಿಯ ಚಿತ್ರ ಇನ್ನೂ ನಮ್ಮ ಮೊಬೈಲಿನಲ್ಲಿದೆ. ಹಳ್ಳಿಯಲ್ಲಿ ಪಾಠ ಹೇಳುವ ಗೆಳೆಯರಿಗೆ ಕಳಿಸಿದ್ದೇವೆ. ತಮ್ಮ ಶಾಲೆಯ ಹೆಣ್ಣುಮಕ್ಕಳಿಗೆ ಅವರು ಅದನ್ನು ತೋರಿಸಲಿ, ಕತೆ ಹೇಳಲಿ, ಈ ತಾಯಿ ಮಗನಿಗೆ ಏನು ಹೇಳಬೇಕಿತ್ತು ಅಂತ ಅವರನ್ನೇ ಕೇಳಲಿ. ಅವರು ಬರೆದದ್ದನ್ನು ತಿದ್ದದೆ ಈ ಪತ್ರಿಕೆಗೆ ಕಳಿಸಲಿ. ನಮ್ಮ ಪದ್ಯಗಳು ಒಂದು ಸಂಚಿಕೆ ಕಾಯುತ್ತವೆ.